ಹಿಂದಿನ ಸೀಟಿನ ಹರಕೆ

ದೇವರ ಮನೆಯಲ್ಲಿ ಕೂತಾಗ ಆಗದ ಜಪ ನನಗೆ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಆಗುತ್ತದೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ. ಬೆಳಿಗ್ಗೆ ಮೈ ತೊಳೆದು, ವಿಭೂತಿ ಹಚ್ಚಿಕೊಂಡು, ದೀಪ ಹಚ್ಚಿ ಕಣ್ಣು ಮುಚ್ಚಿದೆನೆಂದರೆ ಸಾಕು, ಕಿವಿ ಎದ್ದು ಅಡುಗೆಮನೆಗೆ ಹೋಗಿ ಕೂಡುತ್ತದೆ. ಹಾಲು ಉಕ್ಕಿತೇನೋ, ನಳ ಬಂತೇನೋ, ಅತ್ತೆಯವರ ಚಹಾಕ್ಕೆ ಹೊತ್ತಾಯಿತೇನೋ. ಶಿವನ ಹೆಸರು ನಾಲಿಗೆಯ ಮೇಲೆ, ಮನಸ್ಸು ಕುಕ್ಕರಿನ ಸೀಟಿಯ ಮೇಲೆ. ಆದರೆ ನಮ್ಮ ಮನೆಯವರ ಹಿಂದೆ ಗಾಡಿಯ ಮೇಲೆ ಕೂತೆನೋ, ಮುಗಿಯಿತು. ಒಂದು ಕೈಯಲ್ಲಿ ಸೀಟಿನ ಹಿಂದಿನ ಕಬ್ಬಿಣದ ಹಿಡಿಕೆ, ಇನ್ನೊಂದರಲ್ಲಿ ಬುತ್ತಿಯ ಚೀಲ. ಯಾರೂ ನನ್ನಿಂದ ಏನೂ ಬೇಡುವಂತಿಲ್ಲ. ಬೇಡಿದರೂ ಗಾಳಿಯಲ್ಲಿ ನನಗೆ ಕೇಳಿಸುವಂತಿಲ್ಲ. ಅಲ್ಲಿ ನನಗೂ ಶಿವನಿಗೂ ನಿವಾಂತ.

ನಮ್ಮ ಮನೆ ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರದ ಒಂದು ಓಣಿಯಲ್ಲಿ. ಅಲ್ಲೇ ರಸ್ತೆಗೆ ನಮ್ಮವರದೊಂದು ಭಾಂಡೆ-ಪಾತ್ರೆಯ ಅಂಗಡಿ. ಗಂಡನ ಮನೆಯ ಮೂಲ ಊರು ತಿಕೋಟಾದ ಆಚೆ ಹೊನವಾಡ, ಅಲ್ಲಿ ಮೈದುನ ದ್ರಾಕ್ಷಿ ತೋಟದ ಪಡ ನೋಡಿಕೊಂಡಿದ್ದಾನೆ. ನನ್ನ ತವರು ಬಬಲೇಶ್ವರದ ಕಡೆ ನಿಡೋಣಿ. ಹೀಗಾಗಿ ನನ್ನ ಬಾಳುವೆಯ ಅರ್ಧ ಈ ಎರಡು ರಸ್ತೆಗಳ ಮೇಲೇ ಕಳೆದಿದೆ ಅನ್ನಿ. ಮನೆಯಲ್ಲಿ ಅತ್ತೆ, ಮಕ್ಕಳು, ಟಿವಿ. ಗಂಡ ಹೆಂಡತಿ ಇಬ್ಬರೇ ಇರುವ ಜಾಗವೆಂದರೆ ಈ ಗಾಡಿಯೇ. ಹಾಗಂತ ಅಲ್ಲಿ ದೊಡ್ಡ ಮಾತುಕತೆ ನಡೆಯುತ್ತಿತ್ತೆಂದಲ್ಲ. ನಾನು ಹೇಳಿದ್ದು ಅರ್ಧ ಗಾಳಿಗೆ ಹೋಗುತ್ತಿತ್ತು, ಉಳಿದರ್ಧಕ್ಕೆ ಅವರು "ಹೂಂ" ಅನ್ನುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು. ಮನೆಯಲ್ಲಿ ಆ "ಹೂಂ" ಕೂಡ ಟಿವಿಗೆ ಹೋಗುತ್ತದೆ.

ಈ ಹಿಂದಿನ ಸೀಟಿಗೂ ಒಂದು ರೀತಿ ನೀತಿ ಇದೆ. ನಾನು ಹೊಸದಾಗಿ ಬಂದಾಗ ಹೊನವಾಡದ ಅಗಸಿ, ಊರ ಬಾಗಿಲು, ಕಾಣುತ್ತಲೇ ಗಾಡಿ ನಿಲ್ಲಿಸುತ್ತಿದ್ದರು. ಸೊಸೆಯಾದವಳು ಇಳಿದು, ಸೆರಗು ಹೊದ್ದು, ಊರೊಳಗೆ ನಡೆದು ಹೋಗಬೇಕು. ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತಿರುತ್ತಾರೆ, ಅವರ ಮುಂದೆ ಗಂಡನ ಹಿಂದೆ ಗಾಡಿ ಮೇಲೆ ಕೂತು ಹೋಗುವುದು ಸರಿಯಲ್ಲ. ಗಾಡಿ ಮುಂದೆ, ಧೂಳು ನಡುವೆ, ನಾನು ಹಿಂದೆ. ಆಗೆಲ್ಲ ನಮ್ಮ ದೇವರ ಮನೆಯ ಕ್ಯಾಲೆಂಡರಿನ ಚಿತ್ರ ನೆನಪಾಗುತ್ತಿತ್ತು. ಶಿವ ಪಾರ್ವತಿ ಇಬ್ಬರೂ ನಂದಿಯ ಮೇಲೆ ಕೂತಿದ್ದಾರೆ. ಪಾರ್ವತಿ ನನ್ನ ಹಾಗೆಯೇ ಒಂದು ಬದಿಗೆ ಕಾಲು ಇಳಿಬಿಟ್ಟು ಕೂತಿದ್ದಾಳೆ. ಅಷ್ಟು ಲೋಕ ತಿರುಗಿದರೂ ಆ ತಾಯಿಗೆ ಯಾರೂ ಅಗಸಿಯಲ್ಲಿ ಇಳಿ ಅಂದದ್ದು ಯಾವ ಪುರಾಣದಲ್ಲೂ ಇಲ್ಲ. ನಮ್ಮ ಮಠದ ಪ್ರವಚನದಲ್ಲಿ ಇದನ್ನು ಕೇಳಬೇಕೆಂದು ಒಮ್ಮೆ ಬಾಯಿವರೆಗೆ ಬಂದಿತ್ತು. ಪಕ್ಕದಲ್ಲಿ ಅತ್ತೆ ಇದ್ದರು, ನುಂಗಿಕೊಂಡೆ.

ಹೋದ ಸುಗ್ಗಿಯಲ್ಲಿ ಈ ಸೀಟಿಗೇ ಸಂಚಕಾರ ಬಂತು. ತಿಕೋಟಾ ದಾಟಿದ ಮೇಲೆ ಯಾರೋ ರಸ್ತೆಯ ತುಂಬ ಕಡಲೆ ಹರವಿದ್ದರು. ನಮ್ಮ ಕಡೆ ಇದು ಹೊಸದಲ್ಲ. ಹೋಗಿ ಬರುವ ಲಾರಿ, ಬಸ್ಸಿನ ಗಾಲಿಯೇ ರಾಶಿ ಮಾಡಿಕೊಡುತ್ತದೆ. ಎತ್ತೂ ಬೇಡ, ಕಣವೂ ಬೇಡ. ಆ ಹೊಟ್ಟಿನ ಮೇಲೆ ನಮ್ಮ ಗಾಡಿ ಜಾರಿತು. ನಾನು ಬಿದ್ದದ್ದು ಕಡಲೆಯ ಮೇಲೆ, ಕಲ್ಲಿನ ಮೇಲಲ್ಲ. ಅದು ಶಿವನ ಒಂದು ದಯೆ. ಮುರಿದದ್ದು ಎಡಗೈಯ ಮಣಿಕಟ್ಟು, ರೊಟ್ಟಿ ಬಡಿಯುವ ಬಲಗೈ ಉಳಿಯಿತು. ಅದು ಇನ್ನೊಂದು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಮೊದಲಿನಂತೆಯೇ ಕೂಡಿತು. ಕೂಡದೇ ಉಳಿದದ್ದು ನಮ್ಮವರ ಧೈರ್ಯ. ಅವರಿಗೆ ಒಂದು ಗೀರೂ ಬಿದ್ದಿರಲಿಲ್ಲ, ಅದೇ ಅವರಿಗೆ ತಡೆಯಲಾಗಲಿಲ್ಲವೇನೋ. "ಇನ್ನ ನೀ ಗಾಡಿ ಮ್ಯಾಲ ಬ್ಯಾಡ, ಬಸ್ಸಿಗಿ ಬಾ," ಅಂದರು. ಅಂದದ್ದು ಅಂದ ಹಾಗೇ ಉಳಿಯಿತು. ಅಮಾವಾಸ್ಯೆಗೆ ಹೊನವಾಡಕ್ಕೆ ಅವರು ಗಾಡಿಯ ಮೇಲೆ, ನಾನು ಬಸ್ಸಿನಲ್ಲಿ. ಬಸ್ಸಿನಲ್ಲಿ ಜಪ ಮಾಡಬಾರದೇ ಎಂದು ನೀವು ಕೇಳಬಹುದು. ಪಕ್ಕದಲ್ಲಿ ಕೂತವಳು ಸೀರೆ ಎಲ್ಲಿ ತಗೊಂಡ್ರಿ ಅನ್ನುತ್ತಾಳೆ. ಹೇಳದಿದ್ದರೆ ಸೊಕ್ಕು ಅನ್ನುತ್ತಾಳೆ.

ಹೀಗೆ ಬಸ್ಸಿನ ಹೆಂಗಸಾಗಿ ತಿರುಗುತ್ತಿದ್ದಾಗ, ಶ್ರಾವಣದಲ್ಲಿ, ನನ್ನ ತಂಗಿ ಹೊಸ ಮನೆ ಹೊಕ್ಕಳು. ಅವಳನ್ನು ಕೊಟ್ಟದ್ದು ಬಾದಾಮಿಯ ಕಡೆಯ ಒಂದು ಹಳ್ಳಿಗೆ. ನಾನೂ ನಮ್ಮವರೂ ಬಸ್ಸಿನಲ್ಲೇ ಹೋಗಿ ಕಾರ್ಯ ಮುಗಿಸಿದೆವು. ಊರಿನ ಬೆನ್ನಿಗೇ ಗುಡ್ಡ, ಗುಡ್ಡದ ಮೇಲೆ ಈಶ್ವರನ ಗುಡಿ. ಶ್ರಾವಣದಲ್ಲಿ ಅಷ್ಟು ಹತ್ತಿರ ಬಂದು ಅವನ ಮುಖ ನೋಡದೆ ಹೊರಡುವುದು ಹೇಗೆ? ಅಲ್ಲಿಗೆ ಬಸ್ಸಿಲ್ಲ. ತಂಗಿಯ ಗಂಡ ತನ್ನ ಗಾಡಿಯ ಕೀಲಿ ತಂದು ನಮ್ಮವರ ಮುಂದೆ ಹಿಡಿದ.

"ಮಾಮಾ, ಅಕ್ಕನ್ನ ಹಿಂದ ಕುಂದ್ರಿಸ್ಕೊಂಡ ಹೋಗಿಬರ್ರಿ," ಎಂದಳು ತಂಗಿ.

"ಗುಡ್ಡದ ದಾರಿ ಅದು, ಬ್ಯಾಡ. ರಿಕ್ಷಾ ತರಸು."

"ಊರಾಗ ಇರೋದ ಒಂದ ರಿಕ್ಷಾ. ಅದು ಮುಂಜಾನೆನ ಬೀಗರನ್ನ ಬಿಡಾಕ ಹೋಗೇತಿ. ಯಾಕ್ರಿ ಮಾಮಾ, ಅಕ್ಕ ದಪ್ಪ ಆಗ್ಯಾಳಂತ ಅಂಜಾಕತ್ತೀರೇನು? ಟೈರ್ ಹೊಸಾವ ಅದಾವ, ತಡೀತಾವ."

ಮನೆ ತುಂಬ ಬೀಗರು ನಕ್ಕರು. ನಮ್ಮವರು ಕೀಲಿ ತೆಗೆದುಕೊಂಡು ನನ್ನ ಕಡೆ ತಿರುಗಿ, "ಏರೂ ಮಟಾ ಅಷ್ಟ. ಇಳಿಯಾಗ ನೀ ನಡಕೋತ ಬರಬೇಕು," ಎಂದರು. "ಆಗಲ್ರಿ," ಎಂದೆ. ಸಿಕ್ಕಷ್ಟು ಪಂಚಾಮೃತ.

ನಾವು ಬಯಲುನಾಡಿನವರು, ನೋಡ್ರಿ. ನಮ್ಮ ರಸ್ತೆಗೆ ಗುಟ್ಟು ಅನ್ನುವುದೇ ಇಲ್ಲ. ಊರಿಗೆ ಇನ್ನೂ ಎಷ್ಟೋ ದೂರ ಇರುವಾಗಲೇ ಗೋಳಗುಮ್ಮಟ ಬೋರಲು ಹಾಕಿದ ಕೊಡದ ಹಾಗೆ ಕಾಣುತ್ತದೆ. ಎದುರಿಗೆ ಬರುವ ಬಸ್ಸು ಮೊದಲು ಹುಳ, ಆಮೇಲೆ ಪೆಟ್ಟಿಗೆ, ಆಮೇಲೆ ಬಸ್ಸು. ಅಂಥ ರಸ್ತೆಯಲ್ಲಿ ಹುಟ್ಟಿ ಬೆಳೆದ ನನಗೆ ಗುಡ್ಡದ ದಾರಿಯ ಮೊದಲ ತಿರುವಿನಲ್ಲೇ ಎದೆ ಝಲ್ಲೆಂದಿತು. ಮುಂದೆ ರಸ್ತೆಯೇ ಇಲ್ಲ. ಕೆಂಪು ಬಂಡೆ ಅಡ್ಡ ನಿಂತಿದೆ. ಈಗ ಬಂಡೆಗೆ ಬಡಿಯುತ್ತೇವೆ ಅನ್ನುವಷ್ಟರಲ್ಲಿ ಬಂಡೆಯ ಬಗಲಿನಿಂದ ರಸ್ತೆ ಬಿಚ್ಚಿಕೊಂಡಿತು, ಸ್ವಲ್ಪವೇ, ಮುಂದಿನ ಬಂಡೆಯವರೆಗೆ. ಆಮೇಲೆ ಇನ್ನಷ್ಟು. ಜೋಳದ ಹಿಟ್ಟನ್ನು ನಾವು ಒಮ್ಮೆಲೇ ನಾದಿಡುವುದಿಲ್ಲ, ಒಣಗಿ ಬಿರಿಯುತ್ತದೆ. ಒಂದು ರೊಟ್ಟಿಗೆ ಬೇಕಾದಷ್ಟು ನಾದಿ, ಬಡಿದು, ಹಂಚಿಗೆ ಹಾಕಿ, ಆಮೇಲೆ ಮುಂದಿನದು. ಆ ರಸ್ತೆಯನ್ನೂ ಯಾರೋ ಹಾಗೆ ಆಗಾಗಲೇ ನಾದಿ ನಾದಿ ನಮ್ಮ ಗಾಲಿಯ ಮುಂದೆ ಹಾಕುತ್ತಿದ್ದರು.

ಆ ಬೆರಗಿನಲ್ಲೂ ನಾನು ಸುಮ್ಮನೆ ಕೂಡಲಿಲ್ಲ. ತಿರುವಿನಲ್ಲಿ ಗಾಡಿ ಎಡಕ್ಕೆ ವಾಲಿದರೆ ನಾನು ಬಲಕ್ಕೆ, ಅದು ಬಲಕ್ಕೆ ವಾಲಿದರೆ ನಾನು ಎಡಕ್ಕೆ.

"ನೀ ಯಾಕ ಆ ಕಡೆ ಎಳ್ಯಾಕತ್ತಿ?" ಎಂದರು ನಮ್ಮವರು, ಮುಂದೆ ನೋಡುತ್ತಲೇ.

"ಗಾಡಿ ಬೀಳ್ತೈತಿ ಅಂತ ಸರಿ ಮಾಡಾಕತ್ತೇನ್ರಿ."

"ನೀ ಸರಿ ಮಾಡಬ್ಯಾಡ. ನಾ ವಾಲಿದ ಕಡೆ ವಾಲು."

ಮದುವೆಯಾದಾಗಿನಿಂದ ನಾನು ಇದೊಂದೇ ಕೆಲಸ ಮಾಡಿಕೊಂಡು ಬಂದಿದ್ದೇನೆ, ಅವರು ವಾಲಿದಾಗ ಆಚೆ ಎಳೆಯುವುದು. ಅಂಗಡಿ, ಮನೆ, ಮಕ್ಕಳು, ಯಾವುದರಲ್ಲೂ. ನಾನಿಲ್ಲದಿದ್ದರೆ ಸಂಸಾರ ಎಂದೋ ಮಗುಚುತ್ತಿತ್ತು ಅಂದುಕೊಂಡಿದ್ದೆ. ಗುಡ್ಡದಲ್ಲಿ ಮಾತ್ರ ಅದು ಉಲ್ಟಾ. ಮುಂದಿನ ತಿರುವಿನಲ್ಲಿ ಕಣ್ಣು ಮುಚ್ಚಿ, ಶಿವಾ ಅಂದು, ಅವರ ಜೊತೆ ವಾಲಿದೆ. ಗಾಡಿ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗಿತು.

ಮೇಲೆ ಗುಡಿ ಚಿಕ್ಕದು. ಬಂಡೆಯ ಸಂದಿನಿಂದ ನೀರು ಬಂದು ಪುಟ್ಟ ಹೊಂಡದಲ್ಲಿ ಬೀಳುತ್ತದೆ. ಪೂಜಾರಿ, ಎರಡು ಮಂಗ, ನಾವು, ಅಷ್ಟೇ ಜನ. ಕಾಯಿ ಒಡೆಸಿ, ಲಿಂಗದ ಮುಂದೆ ನಿಂತು, ಏನು ಬೇಡಲಿ ಎಂದು ಯೋಚಿಸಿದೆ. ಜನ ಇಲ್ಲಿಗೆ ನೌಕರಿ ಬೇಡಲು ಬರುತ್ತಾರೆ, ಮಕ್ಕಳನ್ನು ಬೇಡಲು ಬರುತ್ತಾರೆ. ನನ್ನ ಬಾಯಿಗೆ ಬಂದದ್ದು ಒಂದೇ: ಶಿವನೇ, ಆ ಹಿಂದಿನ ಸೀಟು ನನಗೆ ಹೊಳ್ಳಿ ಕೊಡಿಸು, ಇವರ ಅಂಜಿಕೆ ತೆಗೆ. ಬೇಡಿದ ಮೇಲೆ ನಗು ಬಂತು. ಮೂರು ಲೋಕದ ಒಡೆಯನ ಮುಂದೆ ನಿಂತು, ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವರ ಹಾಗೆ ಬೇಡಿದ್ದೆ. ಆದರೂ ಹರಕೆ ಹರಕೆಯೇ. ಕೊಟ್ಟರೆ ಮುಂದಿನ ಶ್ರಾವಣಕ್ಕೆ ಬಂದು ಎಣ್ಣೆ ದೀಪ ಹಚ್ಚುತ್ತೇನೆ ಎಂದೂ ಸೇರಿಸಿದೆ.

ಹೊರಗೆ ಬಂದಾಗ ನಮ್ಮವರು ಒಡೆದ ಕಾಯಿಯ ಚೂರು ಬಾಯಿಗೆ ಹಾಕಿಕೊಂಡು, ಕೆಳಗಿನ ಬಯಲು ನೋಡುತ್ತ ಗಾಡಿಯ ಮೇಲೆ ಕೂತಿದ್ದರು. ನಾನು ಮಾತಾಡದೆ ಹೋಗಿ ಹಿಂದೆ ಹತ್ತಿದೆ. ಅವರು ಗಾಡಿ ಬಿಟ್ಟರು. ನಡೆದು ಬಾ ಅಂದದ್ದು ಅವರಿಗೆ ಮರೆತಿತ್ತು. ನೆನಪು ಕೊಡುವ ದೇವರಿಗೆ ಎಲ್ಲರೂ ಕೈ ಮುಗಿಯುತ್ತಾರೆ. ಹೊತ್ತಿಗೆ ಸರಿಯಾಗಿ ಮರೆವು ಕೊಡುವುದೂ ಅವನೇ ಅಲ್ಲವೇ?

ಇಳುಕಲು ಶುರುವಾಗುತ್ತಲೇ ಅವರ ಕೈ ಹಳೆಯ ರೂಢಿಯಂತೆ ಕೀಲಿಗೆ ಹೋಯಿತು. ಎಂಜಿನ್ ಬಂದ್. ಇದು ನಮ್ಮ ಕಡೆಯವರ ಚಟ. ನಿಡೋಣಿಗೆ ಹೋಗುವಾಗ ಡೋಣಿ ಹೊಳೆಯ ಸೇತುವೆಗೆ ಇಳಿಯುವಲ್ಲಿ ಸ್ವಲ್ಪವೇ ಇಳುಕಲಿದೆ, ಅಲ್ಲಿ ನಮ್ಮವರು ತಪ್ಪದೆ ಗಾಡಿ ಬಂದ್ ಮಾಡಿ ಉರುಳಲು ಬಿಡುತ್ತಾರೆ. ಉಳಿಯುವ ಪೆಟ್ರೋಲಿನಲ್ಲಿ ಒಂದು ದೀಪವೂ ಹತ್ತಲಿಕ್ಕಿಲ್ಲ, ಆದರೆ ಇಳುಕಲು ಸಿಕ್ಕಾಗ ಎಂಜಿನ್ ಓಡಿಸುವುದು ಅವರಿಗೆ ಬೆಳದಿಂಗಳಲ್ಲಿ ಬಲ್ಬು ಹಚ್ಚಿದ ಹಾಗೆ. ಕೀಲಿ ಕಟ್ ಎಂದದ್ದು ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತು. ಅಂಜಿದ ಮನುಷ್ಯ ಉಳಿತಾಯದ ವಿಚಾರ ಮಾಡುವುದಿಲ್ಲ. ನಮ್ಮವರು ಹೊಳ್ಳಿ ನಮ್ಮವರಾಗುತ್ತಿದ್ದರು.

ಆಮೇಲೆ ಬಂತು ನೋಡ್ರಿ, ಆ ಮೌನ. ಇಷ್ಟು ವರ್ಷ ಗಾಡಿಯ ಮೇಲೆ ಕೂತಿದ್ದೇನೆ, ಕಿವಿಯ ತುಂಬ ಯಾವಾಗಲೂ ಎಂಜಿನ್ನಿನ ಸಪ್ಪಳ. ಡೋಣಿಯ ಇಳುಕಲು ಮೌನ ಕೇಳಿಸುವ ಮೊದಲೇ ಮುಗಿದುಹೋಗುತ್ತದೆ. ಇಲ್ಲಿ ಮುಗಿಯಲಿಲ್ಲ. ಗಾಲಿಗಳ ಸಣ್ಣ ಸರಸರ ಒಂದೇ, ಅದರ ಸುತ್ತ ಇಡೀ ಗುಡ್ಡ. ಎಲ್ಲೋ ನವಿಲು ಕೂಗಿತು. ಕವಳಿಯ ಮುಳ್ಳುಕಂಟಿಯೊಳಗೆ ಏನೋ ಓಡಿತು. ಬಂಡೆಯ ಮೇಲಿಂದ ನೀರು ಇಳಿಯುವುದು ಕಾಣಿಸುವ ಮೊದಲೇ ಕೇಳಿಸಿತು, ದಾಟಿ ಹೋದ ಮೇಲೂ ಕೇಳಿಸುತ್ತಲೇ ಇತ್ತು. ನಾವು ಹೋಗುತ್ತಿದ್ದೆವೋ, ಗುಡ್ಡವೇ ತಿರುಗಿ ತಿರುಗಿ ತನ್ನ ಒಂದೊಂದು ಮುಖ ತೋರಿಸುತ್ತಿತ್ತೋ ಗೊತ್ತಾಗಲಿಲ್ಲ. ನಾನು ಎಷ್ಟು ಸಣ್ಣವಳು ಅನ್ನಿಸಿತು, ಆದರೆ ಅದರಿಂದ ಬೇಸರವಾಗಲಿಲ್ಲ. ಮನೆಯಲ್ಲಿ ಎಲ್ಲವೂ ನನ್ನಿಂದಲೇ ನಡೆಯಬೇಕು. ಇಲ್ಲಿ ನನ್ನಿಂದ ಏನೂ ಆಗಬೇಕಾಗಿರಲಿಲ್ಲ, ಎಲ್ಲವೂ ನಡೆದಿತ್ತು. ಜಪ ಮಾಡುವುದನ್ನೇ ಮರೆತೆ. ಆಗ ಮಾಡಿದ್ದರೆ ದೇವರ ಮಾತಿನ ನಡುವೆ ನಾನು ಬಾಯಿ ಹಾಕಿದ ಹಾಗಾಗುತ್ತಿತ್ತು.

ಒಂದು ತಿರುವು ದಾಟಿದೆವು, ರಸ್ತೆಯ ತುಂಬ ಆಡುಗಳು.

ನಮ್ಮವರು ಹಾರ್ನ್ ಒತ್ತಿದರು. ಹಾರ್ನ್ ಆಗಲಿಲ್ಲ. ಕೀಲಿ ಬಂದ್ ಇದ್ದ ಮೇಲೆ ಅದು ಎಲ್ಲಿಂದ ಕೂಗಬೇಕು? ಬಯಲಿನಲ್ಲಿ ಎದುರಿಗಿದ್ದದ್ದು ದೂರದಿಂದಲೇ ಕಾಣುತ್ತದೆ, ಹಾಗಾಗಿ ಅವರ ಹೆಬ್ಬೆರಳಿಗೆ ಈ ಸಂಗತಿ ಎಂದೂ ಬೇಕಾಗಿರಲಿಲ್ಲ. ಒತ್ತಿದರು, ಮತ್ತೆ ಒತ್ತಿದರು. ಎಂಜಿನ್ ಸಪ್ಪಳ ಇಲ್ಲದ್ದರಿಂದ ಆಡುಗಳೂ ತಲೆ ಎತ್ತಲಿಲ್ಲ. ಆಗ ನನ್ನ ಬಾಯಿಂದ ಒಂದು ಕೂಗು ಹೊರಟಿತು. ಶಿವನ ಹೆಸರು ಬಂತು ಅಂದುಕೊಂಡಿರಾ? ಇಲ್ಲ. ಅಂಗಳದ ರಂಗೋಲಿ ತುಳಿಯಲು ಬರುವ ಓಣಿಯ ದನಗಳನ್ನು ಅಟ್ಟುವ "ಹೈಕ್ ಹೈಕ್" ಬಂತು, ಹೊಟ್ಟೆಯ ಆಳದಿಂದ. ಗುಡ್ಡ ಅದನ್ನು ಎತ್ತಿಕೊಂಡು ಆಚೆಯ ಬಂಡೆಗೆ ಒಗೆಯಿತು, ಆಚೆಯ ಬಂಡೆ ಈಚೆಗೆ ಒಗೆಯಿತು. ಆಡುಗಳು ಎರಡು ಪಾಲಾದವು. ನಮ್ಮವರು ಎರಡೂ ಬ್ರೇಕ್ ಒತ್ತಿ, ಗಾಡಿಯನ್ನು ಗುಡ್ಡದ ಬದಿಗೆ ಒರಗಿಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಮುಂದಿನ ಗಾಲಿಯ ಹತ್ತಿರ ಒಂದು ಹೋತ ನಿಂತು, ಇಷ್ಟಕ್ಕೇ ಇಷ್ಟೆಲ್ಲ ಗದ್ದಲವೇ ಅನ್ನುವ ಹಾಗೆ ನಮ್ಮನ್ನು ನೋಡುತ್ತಿತ್ತು.

ಮೇಲಿನ ಕಂಟಿಯಿಂದ ಕಂಬಳಿ ಹೊದ್ದ ಒಬ್ಬ ಮುದುಕಿ ಇಳಿದು ಬಂದಳು, ಆ ಆಡುಗಳ ಒಡತಿ. ಬಗಲಲ್ಲಿ ಆಗ ತಾನೇ ಹುಟ್ಟಿದ ಮರಿ.

"ಏನ ಯಪ್ಪಾ, ಕಳ್ಳರ ಬಂದಂಗ ಸಪ್ಪಳಿಲ್ದ ಬರೋದು? ಗಾಡಿ ಕೆಟ್ಟೇತೇನು?"

"ಇಲ್ಲಬೇ, ಬಂದ್ ಮಾಡಿದ್ದೆ," ಎಂದರು ನಮ್ಮವರು.

"ಬಂದ್ ಮಾಡಿ ಉಳಸಿದ್ದ ಎಣ್ಣಿ ಯಾರಿಗಿ ಕೊಡಾಂವ ಇದ್ದಿ? ಹೋಗ್ಲಿ, ನಿನ್ನ ಹೇಣ್ತಿ ಬಾಯಿ ಗಟ್ಟಿ ಐತಿ, ಆಡ ಉಳದ್ವು."

ನಮ್ಮವರು ನಗಲಿಲ್ಲ. ಗಾಡಿಯ ಹಿಡಿಕೆ ಬಿಡದೆ, ನನ್ನ ಮುಖ ನೋಡದೆ, "ನೀ ಇನ್ನ ನಡಕೋತ ಬಾ. ನಾ ಗಾಡಿ ಕೆಳಗ ಒಯ್ತೀನಿ," ಎಂದರು. ಆ ದನಿ ನನಗೆ ಗೊತ್ತು. ಕಡಲೆಯ ಹೊಟ್ಟಿನ ಮೇಲಿಂದ ನನ್ನನ್ನು ಎಬ್ಬಿಸಿದ ದಿನದ ದನಿ ಅದು. ಈಗ ಇಳಿದರೆ ಮುಂದೆಂದೂ ಹತ್ತುವುದಿಲ್ಲ ಎಂದು ನನಗೆ ತಿಳಿದುಹೋಯಿತು. ಆದರೂ ಇಳಿದೆ. ಏನು ಹೇಳಲಿ? ಹೆದರಿದವರಿಗೆ ಹೆದರಬೇಡ ಅಂದರೆ ಹೆದರಿಕೆಯ ಜೊತೆ ಸಿಟ್ಟೂ ಬರುತ್ತದೆ.

ಮುದುಕಿ ಕಂಟಿಯ ಕಡೆ ಹೋಗಿ ಇನ್ನೊಂದು ಮರಿ ಎತ್ತಿಕೊಂಡು ಬಂದಳು. "ಯಪ್ಪಾ, ಅವಳಿ ಈದೈತಿ. ಒಂದಕ್ಕ ನನ್ನ ಬಗಲ ಐತಿ. ಇದು ಸೊರಗೈತಿ, ಮಲಿ ಹಿಡಿವಲ್ದು. ಕೆಳಗ ಇಳದ ಕೂಡ್ಲೆ ಮೊದಲನೇದ ನಮ್ಮ ಮನಿ, ಸೊಸಿ ಅದಾಳ, ಬಾಟ್ಲಿಲೆ ಹಾಲ ಕುಡಸ್ತಾಳ. ಲಗೂನ ಮುಟ್ಟಸು, ಪುಣ್ಯ ಬರ್ತೈತಿ."

"ಆತಬೇ. ಟ್ಯಾಂಕಿನ ಮ್ಯಾಲ ಇಡು."

"ಅದೇನ ಜ್ವಾಳದ ಚೀಲೇನೋ? ಹಿಂದ ಹೆಣ್ಮಗಳ ಕುಂದರಬೇಕು. ಉಡ್ಯಾಗ ಬೆಚ್ಚಗ ಇರ್ತೈತಿ."

ನಮ್ಮವರು ಮರಿ ನೋಡಿದರು. ಅದರ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಆಮೇಲೆ ನನ್ನ ಕಡೆ ನೋಡಿದರು. ಆಮೇಲೆ ಕೀಲಿ ತಿರುವಿ, ಗಾಡಿ ಚಾಲೂ ಮಾಡಿ, "ಹತ್ತು," ಎಂದರು.

ಮರಿಯನ್ನು ಸೆರಗಿನಲ್ಲಿ ಸುತ್ತಿ ಉಡಿಯಲ್ಲಿಟ್ಟುಕೊಂಡೆ. ಒದ್ದೆ ಇತ್ತು, ಬೆಚ್ಚಗಿತ್ತು, ಅದರ ಎದೆ ಬೆರಳ ತುದಿಗೆ ಟಕಟಕ ಬಡಿಯುತ್ತಿತ್ತು. ಇಷ್ಟು ಸಣ್ಣ ಎದೆ, ಅಷ್ಟು ದೊಡ್ಡ ಗುಡ್ಡ. ಎರಡನ್ನೂ ಕಾಯುವವನು ಒಬ್ಬನೇ ಇರಬೇಕಲ್ಲ ಎಂದು ಮೈ ಜುಮ್ಮೆಂದಿತು. ನಮ್ಮವರು ಮೊದಲನೇ ಗೇರಿನಲ್ಲೇ ಇಳಿಸುತ್ತಿದ್ದರು. ಪ್ರತಿ ತಿರುವಿಗೂ ಹಾರ್ನ್. ಯಾರೂ ಇಲ್ಲದಲ್ಲಿಯೂ ಹಾರ್ನ್. ಮಂಗಗಳು ಬಂಡೆಯ ಮೇಲೆ ಎದ್ದು ನಿಂತು, ಯಾವ ಮಂತ್ರಿ ಬಂದ ಎಂದು ನೋಡಿದವು.

ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು: "ಬಿಗಿ ಹಿಡ್ಕೊಂಡಿಯೇನು?"

"ಹಿಡ್ಕೊಂಡೇನ್ರಿ, ಉಡ್ಯಾಗ ಐತಿ."

"ಮರಿ ಅಲ್ಲ. ನನ್ನ."

"ಕೈ ಎರಡ ಅದಾವ್ರಿ. ಎರಡೂ ಇದಕ್ಕ ಬೇಕಾಗ್ಯಾವ."

ಒಂದು ತಿರುವು ಕಳೆಯಿತು. ಹಾರ್ನ್ ಹೊಡೆದರು.

"ಹಂಗಾರ ಒರಗು," ಎಂದರು.

ಒರಗಿದೆ. ಇಷ್ಟು ವರ್ಷ ಸೀಟಿನ ಹಿಂದಿನ ಕಬ್ಬಿಣ ಹಿಡಿದುಕೊಂಡೇ ಊರೂರು ತಿರುಗಿದ್ದೆ. ವಿಜಯಪುರದ ಬಾರಾಕಮಾನಿನಿಂದ ಹೊನವಾಡದ ತನಕ ಅವರ ಬೆನ್ನು ನನ್ನ ಕಣ್ಣ ಮುಂದೆಯೇ ಇತ್ತು, ಆದರೆ ಅದು ಒರಗುವ ವಸ್ತುವೂ ಹೌದು ಎಂದು ಹೊಳೆದೇ ಇರಲಿಲ್ಲ. ಅಂಗಿಯ ಒಳಗೆ ಅವರ ಎದೆಯೂ ಟಕಟಕ ಬಡಿಯುವುದು ಕೆನ್ನೆಗೆ ತಾಗಿತು. ತಿರುವು ಬಂದರೆ ಅವರು ವಾಲಿದರು, ನಾನು ವಾಲಿದೆ, ಮರಿ ವಾಲಿತು. ಕೆಳಗೆ ಇಳಿಯುವ ಹೊತ್ತಿಗೆ ಬೆನ್ನಿನ ಬಡಿತ ಎಂಜಿನ್ನಿನಷ್ಟೇ ನಿಧಾನವಾಗಿತ್ತು.

ಮೊದಲ ಮನೆ ಬಂತು. ಸೊಸೆ ಹೊರಗೆ ಬಂದು, ಸುದ್ದಿ ಕೇಳಿ, ಮರಿ ತೆಗೆದುಕೊಂಡು ಅದರ ಬಾಯಿಗೆ ಬೆರಳಿಟ್ಟಳು. ಅದು ಚೀಪಿತು. "ಉಳೀತೈತ್ರಿ," ಎಂದಳು. "ಇಳೀರಿ ಅಕ್ಕಾರ, ಕೈ ತೊಳಕೊಳ್ರಿ, ಒಂದೀಟ ಚಾ ಮಾಡ್ತೇನಿ."

"ಬ್ಯಾಡ ತಂಗಿ," ಎಂದೆ ಕೂತಲ್ಲಿಂದಲೇ.

ಕನ್ನಡಿಯಲ್ಲಿ ನಮ್ಮವರ ಕಣ್ಣು ನನ್ನನ್ನು ಹುಡುಕಿತು. "ಚಾ ಬ್ಯಾಡಂದಿ? ಆರಾಮ ಅದೀಯಿಲ್ಲೋ?"

ಮರಿ ಇಳಿದ ಮೇಲೆ ಆ ಸೀಟಿನ ಮೇಲೆ ಕೂಡಲು ನನಗೆ ಯಾವ ನೆಪವೂ ಉಳಿದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಇಳದ್ರ ಮತ್ತ ಹತ್ತಗೊಡ್ತೀರೋ ಇಲ್ಲೋ ಅಂತ ಅಂಜಿಕಿರಿ."

ಅವರು ಮುಂದಿನ ರಸ್ತೆ ನೋಡಿದರು. ಅಲ್ಲಿಂದಾಚೆ ಬಯಲು, ನಮ್ಮ ಕಡೆಯಂಥದೇ ನೆಟ್ಟಗಿನ ದಾರಿ. ಆಮೇಲೆ ಎಂಜಿನ್ ಬಂದ್ ಮಾಡಿ, ಕಾಲೂರಿ ಗಾಡಿಯನ್ನು ಗಟ್ಟಿ ಹಿಡಿದುಕೊಂಡು, ಮೆಲ್ಲಗೆ ಎಂದರು: "ಇಳಿ. ಚಾ ಕುಡಿ. ಆಮ್ಯಾಲ ಹತ್ತು."

ದೊಡ್ಡ ದೊಡ್ಡ ಭಕ್ತರಿಗೆ ಶಿವ ಬೆಳಕಾಗಿ ಬಂದನಂತೆ, ಆಕಾಶದಿಂದ ಮಾತಾಡಿದನಂತೆ. ನನ್ನಂಥವಳಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಇಳಿದು, ಕೈ ತೊಳೆದು, ಕಟ್ಟೆಯ ಮೇಲೆ ಕೂತೆ. ಆಡಿನ ಹಾಲಿನ ಚಹಾ ಸುಡುಸುಡು ಇತ್ತು. ಊದಿ ಊದಿ, ನಿಧಾನಕ್ಕೆ ಕುಡಿದೆ.